ಡಿವಿ ಅಂದ್ರೆ ಮೈಸೂರು: ಯುದ್ಧವಿಮಾನದ ಮೇಲಿನ ಅಕ್ಷರಗಳನ್ನ ಓದೋದು ಹೇಗೆ?

ಈ ಸಲದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದ್ದನ್ನೆಲ್ಲ ಇಲ್ಲಿ ಓದೋಕೆ ಅನುಕೂಲ ಆಗೋ ಹಾಗೆ ಜೋಡಿಸಿದ್ದೀನಿ. ಅಲ್ಲಿ ಸಮಯ ಸಾಲದೆ ಬಿಟ್ಟ ಎರಡು ಲೆಕ್ಕಗಳೂ ಇಲ್ಲಿವೆ.

ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನಗಳ ಫೋಟೋಗಳನ್ನ ನೀವು ನೋಡೇ ಇರ್ತೀರಿ. ಪಕ್ಕದಲ್ಲಿ ದೊಡ್ಡ ವೃತ್ತದ ಗುರುತು, ಅದರ ಒಂದು ಕಡೆ ಎರಡು ಅಕ್ಷರ, ಇನ್ನೊಂದು ಕಡೆ ಒಂದು ಅಕ್ಷರ. ಈ ಅಕ್ಷರಗಳು ಏನು ಹೇಳ್ತವೆ, ಯಾರಿಗೆ ಹೇಳ್ತವೆ, ಯಾರಿಗೆ ಹೇಳಬಾರದು ಅಂತ ಬರೆದಿದ್ರು? ಈ ಮೂರು ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ್ರೆ ನಾವು ಮೈಸೂರು, ಕಲಬುರಗಿ, ಧಾರವಾಡ, ಮಂಗಳೂರಿನ ತನಕ ಬಂದು ನಿಲ್ತೀವಿ. ಹೇಗೆ ಅಂತ ನೋಡೋಣ.

ನಂಬರ್ ಪ್ಲೇಟ್ ಬಾಯಿ ಬಿಡುತ್ತೆ

ಮೊದಲು ನಮ್ಮ ಬೀದಿಯಿಂದ ಶುರು ಮಾಡೋಣ. ಪುಣೆಯಲ್ಲಿ ಇರೋ ಕನ್ನಡಿಗರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಸಿಗ್ನಲ್‌ನಲ್ಲಿ ಮುಂದೆ ನಿಂತ ಕಾರು ಎಂಎಚ್ 12 ಅಂದ್ರೆ ಪುಣೆ, ಎಂಎಚ್ 14 ಅಂದ್ರೆ ಪಿಂಪ್ರಿ-ಚಿಂಚವಾಡ. ಕೆಎ 22 ಕಂಡ್ರೆ ಬೆಳಗಾವಿಯವರು, ಕೆಎ 25 ಕಂಡ್ರೆ ಧಾರವಾಡ ಜಿಲ್ಲೆಯವರು. ಸ್ವಾರ್‌ಗೇಟ್ ಸ್ಟ್ಯಾಂಡಿಗೆ ಬರೋ ನಮ್ಮ ಬಸ್ಸಿನ ಪ್ಲೇಟಿನಲ್ಲಿ ‘ಎಫ್’ ಇದ್ರೆ ಅದು ಸರ್ಕಾರಿ ಸಾರಿಗೆ ಸಂಸ್ಥೆಯ ಗಾಡಿ. ಅಂದ್ರೆ ಈ ಸಂಖ್ಯೆಯ ಒಳಗೇ ಅರ್ಥ ತುಂಬಿದೆ. ಊರು ಯಾವುದು, ಗಾಡಿ ಯಾರದ್ದು, ಎಲ್ಲವನ್ನೂ ಅದು ಕಂಡೋರಿಗೆಲ್ಲ ಹೇಳುತ್ತೆ. ರಸ್ತೆಯಲ್ಲಿ ಇದು ಒಳ್ಳೇದೇ.

ಯುದ್ಧದಲ್ಲಿ ಇದೇ ಗುಣ ಅಪಾಯ. 1938ರ ತನಕ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಕೂಡ ಹೀಗೇ ಬಾಯಿಬಿಚ್ಚಿ ಹೇಳ್ತಿತ್ತು. ಪ್ರತಿ ಸ್ಕ್ವಾಡ್ರನ್‌ಗೂ ತನ್ನದೇ ಬಣ್ಣದ ಪಟ್ಟಿ, ಚೌಕಳಿ. ಮೇಲಿಂದ ಸ್ಕ್ವಾಡ್ರನ್ ಸಂಖ್ಯೆಯನ್ನೂ ನೇರವಾಗಿ ಬರೀತಿದ್ರು. 1938ರ ಆಗಸ್ಟ್‌ನಲ್ಲಿ ಮೊಟ್ಟಮೊದಲ ಸ್ಪಿಟ್‌ಫೈರ್‌ಗಳು ಡಕ್ಸ್‌ಫರ್ಡ್‌ನ 19ನೇ ಸ್ಕ್ವಾಡ್ರನ್‌ಗೆ ಬಂದವು. ಆ ಕಾಲದ ಫೋಟೋಗಳಲ್ಲಿ ವಿಮಾನದ ಬಾಲದ ಮೇಲೆ ‘19’ ಅಂತಲೇ ಬರೆದಿರೋದು ಕಾಣುತ್ತೆ.

ಇದರಿಂದ ಏನು ತೊಂದರೆ? ಶತ್ರುವಿನ ಗೂಢಚಾರ ಒಬ್ಬ ಬೇಲಿ ಆಚೆ ನಿಂತು ‘19’ ನೋಡ್ದ, ಬರ್ಕೊಂಡ. ಮುಂದಿನ ತಿಂಗಳು ಅದೇ ‘19’ ಇನ್ನೊಂದು ಊರಲ್ಲಿ ಕಂಡ್ರೆ ಆ ದಳ ಜಾಗ ಬದಲಿಸಿದೆ ಅಂತ ತಿಳೀತು. ಬಿದ್ದ ವಿಮಾನಗಳ ಮೇಲಿನ ಸಂಖ್ಯೆಗಳನ್ನ ಕೂಡಿಸಿದ್ರೆ ಎಷ್ಟು ಸ್ಕ್ವಾಡ್ರನ್ ಇವೆ, ಯಾವುದಕ್ಕೆ ಎಷ್ಟು ಪೆಟ್ಟು ಬಿತ್ತು ಅನ್ನೋದೂ ಸಿಗುತ್ತೆ.

ಅರ್ಥವಿಲ್ಲದ ಹೆಸರು

1938ರ ಕೊನೆಯಲ್ಲಿ, ಮ್ಯೂನಿಕ್ ಬಿಕ್ಕಟ್ಟು ಆದ ಸಮಯದಲ್ಲಿ, ಪದ್ಧತಿ ಬದಲಾಯ್ತು. ಬಣ್ಣದ ಪಟ್ಟಿ ಹೋಯ್ತು, ಸಂಖ್ಯೆ ಹೋಯ್ತು. ಪ್ರತಿ ಸ್ಕ್ವಾಡ್ರನ್‌ಗೆ ಎರಡು ಅಕ್ಷರ ಕೊಟ್ರು. ವೃತ್ತದ ಗುರುತಿನ ಆಚೆ ಬದಿಗೆ ಆ ಒಂದು ವಿಮಾನದ ಅಕ್ಷರ. 19ನೇ ಸ್ಕ್ವಾಡ್ರನ್‌ಗೆ ಸಿಕ್ಕಿದ್ದು ಡಬ್ಲ್ಯುಜಡ್.

ಈ ಅಕ್ಷರಗಳಲ್ಲಿ 19 ಅನ್ನೋದಕ್ಕೆ ಸುಳಿವೇ ಇಲ್ಲ, ಗಮನಿಸಿ. ಊರಿನ ಹೆಸರಿಲ್ಲ, ಅನುಕ್ರಮ ಇಲ್ಲ. ಪಟ್ಟಿ ಕೈಯಲ್ಲಿ ಇದ್ದವರಿಗೆ ಮಾತ್ರ ಅರ್ಥ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದನ್ನ ಒಪೇಕ್ ಐಡಿ ಅಂತೀವಿ: ಹೊರಗಿನವನಿಗೆ ಬರೀ ಅಕ್ಷರ, ಒಳಗಿನವನಿಗೆ ಟೇಬಲ್‌ನಲ್ಲಿ ಹುಡುಕೋ ಕೀ.

ಯುದ್ಧ ಶುರುವಾದ 1939ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಕೆಲಸ ಮಾಡಿದ್ರು. ಶಾಂತಿ ಕಾಲದಲ್ಲಿ ಎಲ್ಲರೂ ಆ ಅಕ್ಷರಗಳನ್ನ ನೋಡಿದ್ರಲ್ಲ, ಅದಕ್ಕೆ ಅವನ್ನ ಬದಲಿಸಿಬಿಟ್ರು. 19ನೇ ಸ್ಕ್ವಾಡ್ರನ್ ಡಬ್ಲ್ಯುಜಡ್ ಬಿಟ್ಟು ಕ್ಯುವಿ ಆಯ್ತು. 43ನೇದು ಎನ್‌ಕ್ಯು ಇದ್ದದ್ದು ಎಫ್‌ಟಿ ಆಯ್ತು. ಪಾಸ್‌ವರ್ಡ್ ಹೊರಗೆ ಹೋಗಿದೆ ಅನ್ಸಿದ್ರೆ ನಾವು ಏನು ಮಾಡ್ತೀವೋ ಅದೇ.

ಎರಡು ಅಕ್ಷರದಿಂದ ಎಷ್ಟು ಹೆಸರು ಆಗುತ್ತೆ? 26 ಗುಣಿಸು 26, ಅಂದ್ರೆ 676. ಒಂದೊಂದು ಸ್ಕ್ವಾಡ್ರನ್‌ನ ಒಳಗೆ 26 ವಿಮಾನಕ್ಕೆ ಅಕ್ಷರ ಇದೆ. ಫೈಟರ್ ಸ್ಕ್ವಾಡ್ರನ್‌ಗೆ ಇದು ಧಾರಾಳವಾಗಿ ಸಾಕು. ದೊಡ್ಡ ಬಾಂಬರ್ ದಳಗಳಿಗೆ ಸಾಲಲಿಲ್ಲ. ಕೆಲವರು ಎರಡನೇ ಸುತ್ತಿನ ಅಕ್ಷರದ ಮೇಲೆ ಅಡ್ಡಗೆರೆ ಎಳೆದ್ರು, ಕೆಲವು ದಳಗಳಿಗೆ ಒಂದಕ್ಕಿಂತ ಹೆಚ್ಚು ಜೋಡಿ ಕೊಟ್ರು. ಜರ್ಮನಿಯ ಅಣೆಕಟ್ಟುಗಳನ್ನ 1943ರ ಮೇ ತಿಂಗಳಲ್ಲಿ ಒಡೆದ 617ನೇ ಸ್ಕ್ವಾಡ್ರನ್‌ದು ಎಜೆ. ಅದರ ನಾಯಕ ಗೈ ಗಿಬ್ಸನ್ ಹಾರಿಸಿದ ಲ್ಯಾಂಕಾಸ್ಟರ್ ಎಜೆ-ಜಿ. ಮುಂದೆ ಅದೇ ದಳ ಕೆಸಿ, ವೈಜಡ್ ಅನ್ನೋ ಜೋಡಿಗಳನ್ನೂ ಬಳಸಿತು. ಕಡೆಕಡೆಗೆ ಜೋಡಿಗಳೇ ಸಾಲದೆ ಒಂದು ಅಂಕಿ, ಒಂದು ಅಕ್ಷರ ಸೇರಿಸಿ 9ಜೆ ಅಂತೆಲ್ಲ ಬರೆದ್ರು. ಐಡಿಗೆ ಎಷ್ಟು ಜಾಗ ಬೇಕು ಅಂತ ಮೊದಲೇ ಅಂದಾಜು ಮಾಡೋದು ಆಗಲೂ ಕಷ್ಟ ಇತ್ತು, ಈಗಲೂ ಕಷ್ಟ.

ನಮ್ಮವರಿಗೆ ಕಾಣಬೇಕು

ಬರೀ ಮುಚ್ಚಿಡೋದೇ ಉದ್ದೇಶ ಆಗಿದ್ರೆ ಏನೂ ಬರೀದೆ ಬಿಡಬಹುದಿತ್ತು. ಆದ್ರೆ ಮೋಡದ ನಡುವೆ ಹನ್ನೆರಡು ಸ್ಪಿಟ್‌ಫೈರ್ ಚದುರಿದಾಗ ನನ್ನ ಜೊತೆಗಾರ ಯಾರು ಅಂತ ಒಂದು ಕ್ಷಣದಲ್ಲಿ ಗೊತ್ತಾಗ್ಬೇಕು. ಕೆಳಗೆ ಕಾಯ್ತಿರೋ ಮೆಕ್ಯಾನಿಕ್‌ಗೆ ತನ್ನ ವಿಮಾನ ವಾಪಸ್ ಬಂತಾ ಇಲ್ವಾ ಅಂತ ದೂರದಿಂದಲೇ ಕಾಣಬೇಕು. ಅದಕ್ಕೇ ಅಕ್ಷರ ದೊಡ್ಡದು. 1941ರ ಆಗಸ್ಟ್‌ನಿಂದ ಹಗಲಿನ ಫೈಟರ್‌ಗಳ ಮೇಲೆ ತಿಳಿ ಹಸಿರು ಛಾಯೆಯ ‘ಸ್ಕೈ’ ಬಣ್ಣದಲ್ಲಿ ಬರೆದ್ರು. ರಾತ್ರಿ ಹಾರೋ ಬಾಂಬರ್‌ಗಳ ಮೇಲೆ ಸರ್ಚ್‌ಲೈಟ್ ಬಿದ್ದಾಗ ಹೊಳೀಬಾರದು ಅಂತ ಮಂಕು ಕೆಂಪು ಬಂತು.

ಕೊನೆಯ ಅಕ್ಷರವನ್ನ ಬಾಯಲ್ಲಿ ಹೇಳುವಾಗ ‘ಜಿ ಫಾರ್ ಜಾರ್ಜ್’, ‘ಎಸ್ ಫಾರ್ ಶುಗರ್’ ಅಂತ ಹೇಳ್ತಿದ್ರು. ಜನ ತಮ್ಮ ವಿಮಾನವನ್ನ ಪ್ರೀತಿಯಿಂದ ಆ ಹೆಸರಲ್ಲೇ ಕರೆದ್ರು. ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಇರೋ ಲ್ಯಾಂಕಾಸ್ಟರ್‌ಗೆ ಇವತ್ತಿಗೂ ಹೆಸರು ‘ಜಿ ಫಾರ್ ಜಾರ್ಜ್’.

ನಮ್ಮ ಕಡೆಯ ರಣರಂಗದಲ್ಲಿ ಈ ‘ನಮ್ಮವರಿಗೆ ಕಾಣಬೇಕು’ ಅನ್ನೋದು ಇನ್ನೂ ತೀಕ್ಷ್ಣ ಆಗಿತ್ತು. ಬ್ರಿಟಿಷ್ ವೃತ್ತದ ನಡುವೆ ಕೆಂಪು ಚುಕ್ಕೆ ಇತ್ತು. ಜಪಾನಿ ವಿಮಾನದ ಗುರುತೇ ಕೆಂಪು ಸೂರ್ಯ. ದೂರದಿಂದ ಕೆಂಪು ಕಂಡ ಕೂಡಲೇ ಸ್ವಂತದವರೇ ಗುಂಡು ಹಾರಿಸೋ ಭಯ. ಹಾಗಾಗಿ ಭಾರತ, ಬರ್ಮಾ ಕಡೆಯ ವಿಮಾನಗಳಿಂದ ಕೆಂಪನ್ನೇ ತೆಗೆದು ನೀಲಿ ಮತ್ತು ತಿಳಿ ಬಣ್ಣ ಮಾತ್ರ ಉಳಿಸಿದ್ರು. 1944ರಲ್ಲಿ ಇಂಫಾಲದ ಮೇಲೆ ಅರ್ಜನ್ ಸಿಂಗ್ ಅವರ 1ನೇ ಸ್ಕ್ವಾಡ್ರನ್ ಹಾರಿದ್ದು ಕೆಂಪಿಲ್ಲದ ಆ ಗುರುತಿನ ಕೆಳಗೇ.

ಅನುಕ್ರಮ ಸಂಖ್ಯೆಯ ಚಾಡಿ

ವಿಡಿಯೋದಲ್ಲಿ ಬಿಟ್ಟ ಲೆಕ್ಕ ಇಲ್ಲಿದೆ. ಪ್ರತಿ ವಿಮಾನದ ಮೇಲೆ ಸ್ಕ್ವಾಡ್ರನ್ ಅಕ್ಷರದ ಜೊತೆ ಸಣ್ಣದಾಗಿ ಇನ್ನೊಂದು ಸಂಖ್ಯೆ ಇರುತ್ತೆ, ಬಾಲದ ಹತ್ತಿರ. ಅದು ಸೀರಿಯಲ್. ಸ್ಕ್ವಾಡ್ರನ್ ಬದಲಾದ್ರೆ ಅಕ್ಷರ ಬದಲಾಗುತ್ತೆ, ಸೀರಿಯಲ್ ಬದಲಾಗಲ್ಲ. ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ ಇರೋ ಲ್ಯಾಂಕಾಸ್ಟರ್ ಆರ್5868 ನೋಡಿ. 83ನೇ ಸ್ಕ್ವಾಡ್ರನ್‌ನಲ್ಲಿ ಇದ್ದಾಗ ಅದು ಓಎಲ್-ಕ್ಯು, ಆಸ್ಟ್ರೇಲಿಯಾದ 467ನೇ ಸ್ಕ್ವಾಡ್ರನ್‌ಗೆ ಹೋದ ಮೇಲೆ ಪಿಓ-ಎಸ್. ವಿಮಾನ ಒಂದೇ, ಕೆಲಸದ ಊರು ಬದಲಾಯ್ತು ಅಷ್ಟೇ. ಸೀರಿಯಲ್ ಅಂದ್ರೆ ಆಧಾರ್ ನಂಬರ್ ಇದ್ದ ಹಾಗೆ, ಅಕ್ಷರ ಅಂದ್ರೆ ಆಫೀಸಿನ ಸೀಟ್ ನಂಬರ್ ಇದ್ದ ಹಾಗೆ.

ಸ್ಪಿಟ್‌ಫೈರ್‌ನ ಮೊದಲ ಆರ್ಡರ್ 1936ರಲ್ಲಿ ಕೊಟ್ಟಿದ್ದು. ಸೀರಿಯಲ್ ಕೆ9787ರಿಂದ ಕೆ9999, ಆಮೇಲೆ ಎಲ್1000ದಿಂದ ಎಲ್1096. ಎಣಿಸಿ ನೋಡಿ: ಮೊದಲದು 213, ಎರಡನೇದು 97, ಒಟ್ಟು 310. ಆರ್ಡರ್ ಇದ್ದದ್ದೂ ಸರಿಯಾಗಿ 310. ಎರಡು ತುದಿ ತಿಳಿದವನಿಗೆ ಕಾರ್ಖಾನೆಯ ಲೆಕ್ಕವೇ ತಿಳೀತು. ಮುಂದೆ ಸೀರಿಯಲ್‌ಗಳ ನಡುನಡುವೆ ಬೇಕಂತಲೇ ಖಾಲಿ ಜಾಗ ಬಿಟ್ರು. ಆ ಸಂಖ್ಯೆಯ ವಿಮಾನಗಳು ಇರಲೇ ಇಲ್ಲ. ಇವಕ್ಕೆ ‘ಬ್ಲ್ಯಾಕ್‌ಔಟ್ ಬ್ಲಾಕ್’ ಅಂತ ಹೆಸರು.

ಈ ಎಚ್ಚರಿಕೆ ಅತಿ ಆಯ್ತು ಅನ್ಸುತ್ತಾ? ಹಾಗಾದ್ರೆ ಜರ್ಮನ್ನರು ಈ ಎಚ್ಚರ ತಪ್ಪಿದಾಗ ಏನಾಯ್ತು ಅಂತ ನೋಡಿ. ಅವರ ಟ್ಯಾಂಕ್‌ಗಳ ಗೇರ್‌ಬಾಕ್ಸ್ ಮುಂತಾದ ಭಾಗಗಳ ಮೇಲೆ ಅನುಕ್ರಮ ಸಂಖ್ಯೆ ಇರ್ತಿತ್ತು. ಮಿತ್ರಪಕ್ಷದ ಲೆಕ್ಕಿಗರು ಸಿಕ್ಕ ಟ್ಯಾಂಕ್‌ಗಳ ಸಂಖ್ಯೆ ಹಿಡಿದು ಒಟ್ಟು ಎಷ್ಟು ತಯಾರಾಗ್ತಿವೆ ಅಂತ ಅಂದಾಜು ಮಾಡಿದ್ರು. ಸೂತ್ರ ಸುಲಭ: ಸಿಕ್ಕ ದೊಡ್ಡ ಸಂಖ್ಯೆಯನ್ನ ಸಿಕ್ಕ ಟ್ಯಾಂಕ್‌ಗಳ ಎಣಿಕೆಯಿಂದ ಭಾಗಿಸಿ, ಅದನ್ನ ಆ ದೊಡ್ಡ ಸಂಖ್ಯೆಗೇ ಕೂಡಿಸಿ, ಒಂದು ಕಳೀರಿ. ಐದು ಟ್ಯಾಂಕ್ ಸಿಕ್ಕು ದೊಡ್ಡ ಸಂಖ್ಯೆ 60 ಆಗಿದ್ರೆ, 60 ಕೂಡಿಸು 12 ಕಳೆ 1, ಅಂದ್ರೆ 71. 1942ರ ಆಗಸ್ಟ್ ತಿಂಗಳಿಗೆ ಗೂಢಚಾರರು ಕೊಟ್ಟ ಅಂದಾಜು 1550 ಟ್ಯಾಂಕ್. ಲೆಕ್ಕಿಗರದ್ದು 327. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆಯಲ್ಲಿ ಸಿಕ್ಕಿದ್ದು 342!

ಇದನ್ನ ಯಾಕೆ ಹೇಳ್ದೆ ಅಂದ್ರೆ, ವೆಬ್ ಆಪ್ ಬರೆಯೋರು ಇವತ್ತಿಗೂ ಆರ್ಡರ್ ನಂಬರ್ 1001, 1002, 1003 ಅಂತ ಕೊಟ್ಟುಬಿಡ್ತಾರೆ. ಇವತ್ತು ಒಂದು ಆರ್ಡರ್ ಹಾಕಿ, ವಾರ ಬಿಟ್ಟು ಇನ್ನೊಂದು ಹಾಕಿದ್ರೆ ಸಾಕು. ಆ ಅಂಗಡಿಯ ವಾರದ ವ್ಯಾಪಾರ ಎಷ್ಟು ಅಂತ ಎದುರಾಳಿಗೆ ಗೊತ್ತಾಗುತ್ತೆ. ಸಂಖ್ಯೆಗೆ ಬಾಯಿಲ್ಲ ಅಂದ್ಕೋತೀವಿ, ಅದು ಚಾಡಿ ಹೇಳ್ತಾನೇ ಇರುತ್ತೆ.

ಡಿವಿ ಹಿಂದಿನ ಗಂಡಭೇರುಂಡ

ಈಗ ತಲೆಬರಹದ ಮಾತಿಗೆ ಬರೋಣ. 1940ರ ಸುಮಾರಿಗೆ ಬ್ರಿಟನ್ನಿಗೆ ವಿಮಾನ ಬೇಕಿತ್ತು, ಹಣ ಬೇಕಿತ್ತು. ಒಂದು ಸ್ಪಿಟ್‌ಫೈರ್‌ಗೆ 5,000 ಪೌಂಡ್ ಅಂತ ದೇಣಿಗೆಯ ದರ ಇಟ್ರು. ನಿಜವಾದ ಖರ್ಚು ಅದಕ್ಕಿಂತ ಹೆಚ್ಚು, ಇದು ಲೆಕ್ಕಕ್ಕೆ ಇಟ್ಟ ದುಂಡು ಮೊತ್ತ. ಆಗ ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್, ಅಂದ್ರೆ ಪೌಂಡಿಗೆ ಹದಿಮೂರು ಚಿಲ್ಲರೆ ರೂಪಾಯಿ. ಒಂದು ಸ್ಪಿಟ್‌ಫೈರ್ ಅಂದ್ರೆ ಸುಮಾರು 66,700 ರೂಪಾಯಿ ಆಯ್ತು. ದೊಡ್ಡ ಮೊತ್ತ ಕೊಟ್ಟ ಸಂಸ್ಥಾನ, ಪ್ರಾಂತ್ಯಗಳ ಹೆಸರನ್ನ ಇಡೀ ಸ್ಕ್ವಾಡ್ರನ್‌ಗೆ ಇಡ್ತಿದ್ರು.

ಹಾಗೆ ಹುಟ್ಟಿದ್ದು 129 (ಮೈಸೂರು) ಸ್ಕ್ವಾಡ್ರನ್. ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದ ಮರುವರ್ಷ, 1941ರ ಜೂನ್‌ನಲ್ಲಿ, ಯಾರ್ಕ್‌ಶೈರ್‌ನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಶುರುವಾಯ್ತು. ಅದರ ಲಾಂಛನದಲ್ಲಿ ಇರೋದು ಗಂಡಭೇರುಂಡ, ಮೈಸೂರು ಅರಸರ ಎರಡು ತಲೆಯ ಹಕ್ಕಿ. ಇವತ್ತು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ಇರೋದೂ ಅದೇ. ಈ ದಳ 1942ರ ಆಗಸ್ಟ್‌ನಲ್ಲಿ ಫ್ರಾನ್ಸಿನ ದಿಯೆಪ್ ದಾಳಿಯ ಮೇಲೆ ಹಾರಿತು. 1944ರಲ್ಲಿ ಮಸ್ಟಾಂಗ್ ವಿಮಾನಗಳು ಬಂದವು, ಲಂಡನ್ನಿನ ಕಡೆ ಬರ್ತಿದ್ದ ವಿ-1 ಹಾರುಬಾಂಬ್‌ಗಳನ್ನ ಹೊಡೆಯೋ ಕೆಲಸಕ್ಕೂ ನಿಂತಿತು. 1946ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ 257 ಅಂತ ಬೇರೆ ಸಂಖ್ಯೆ ಕೊಟ್ರು, ಮೈಸೂರು ಹೆಸರಿನ ದಳ ಅಲ್ಲಿಗೆ ಮುಗೀತು.

ಆ ವಿಮಾನಗಳ ಪಕ್ಕದಲ್ಲಿ ಬರೆದಿದ್ದ ಅಕ್ಷರ? ಡಿವಿ. ‘ಎಂ’ ಇಲ್ಲ, ‘ಮೈಸೂರು’ ಇಲ್ಲ. ಪಟ್ಟಿ ಇಲ್ಲದವನಿಗೆ ಅದು ಬರೀ ಡಿವಿ. ಆದ್ರೆ ಪಟ್ಟಿ ಇದ್ರೆ ಮಜಾ ನೋಡಿ. ಆಗ ಕರ್ನಾಟಕ ಅನ್ನೋ ಒಂದು ರಾಜ್ಯ ಇರಲಿಲ್ಲ. ನಮ್ಮ ಜನ ಬೇರೆ ಬೇರೆ ಆಡಳಿತದ ಕೆಳಗೆ ಹಂಚಿ ಹೋಗಿದ್ರು. ಆ ಆಡಳಿತಗಳ ಹೆಸರಿನ ಸ್ಕ್ವಾಡ್ರನ್‌ಗಳನ್ನ ಸಾಲಾಗಿ ಇಟ್ರೆ ಹೀಗಾಗುತ್ತೆ:

ಹಳೇ ಮೈಸೂರು: 129 (ಮೈಸೂರು), ಅಕ್ಷರ ಡಿವಿ.

ಬೀದರ್, ಕಲಬುರಗಿ, ರಾಯಚೂರು ಇದ್ದದ್ದು ನಿಜಾಮರ ಹೈದರಾಬಾದ್‌ನಲ್ಲಿ: 152 (ಹೈದರಾಬಾದ್), ಅಕ್ಷರ ಯುಎಂ. 253 (ಹೈದರಾಬಾದ್ ಸ್ಟೇಟ್), ಅಕ್ಷರ ಎಸ್‌ಡಬ್ಲ್ಯು.

ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ, ನಮ್ಮ ಪುಣೆಯ ಜೊತೆಗೇ: 122 (ಬಾಂಬೆ), ಅಕ್ಷರ ಎಂಟಿ. 132 (ಸಿಟಿ ಆಫ್ ಬಾಂಬೆ), ಅಕ್ಷರ ಎಫ್‌ಎಫ್.

ಮಂಗಳೂರು, ಕಾಸರಗೋಡು, ಬಳ್ಳಾರಿ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ: 234 (ಮದ್ರಾಸ್ ಪ್ರೆಸಿಡೆನ್ಸಿ), ಅಕ್ಷರ ಎಜಡ್. 264 (ಮದ್ರಾಸ್ ಪ್ರೆಸಿಡೆನ್ಸಿ), ಅಕ್ಷರ ಪಿಎಸ್.

1956ಕ್ಕೆ ಮುಂಚಿನ ಹರಿದುಹೋದ ಕನ್ನಡ ನಾಡಿನ ನಕ್ಷೆಯೇ ಈ ಪಟ್ಟಿಯಲ್ಲಿ ಇದೆ. ಇವುಗಳಲ್ಲಿ ಯುಎಂ ಅಕ್ಷರದ ಸ್ಪಿಟ್‌ಫೈರ್‌ಗಳು 1943ರ ಕೊನೆಯಲ್ಲಿ ನಮ್ಮ ಕಡೆಗೇ ಬಂದು ಬರ್ಮಾದ ಯುದ್ಧದಲ್ಲಿ ಹಾರಿದವು. ವೃತ್ತದ ಮೇಲೆ ನೆಗೆಯುವ ಕರಿಚಿರತೆಯ ಚಿತ್ರ ಇದ್ರೆ ಅದು ಹೈದರಾಬಾದ್ ಸ್ಕ್ವಾಡ್ರನ್‌ದು.

ಒಂದು ಎಚ್ಚರಿಕೆ. ಸ್ಕ್ವಾಡ್ರನ್ ಹೆಸರು ನೋಡಿ ಅಕ್ಷರ ಊಹೆ ಮಾಡೋಕೆ ಹೋಗ್ಬೇಡಿ. 130 (ಪಂಜಾಬ್) ಸ್ಕ್ವಾಡ್ರನ್‌ದು ಪಿಜೆ ಅಂತ ಕೇಳಿದ ಕೂಡಲೇ ‘ಓ, ಪಂಜಾಬ್‌ಗೆ ಪಿಜೆ’ ಅನ್ಸುತ್ತೆ. ಹಾಗಾದ್ರೆ ಬರೋಡಾ ಹೆಸರಿನ 124ನೇದಕ್ಕೆ ಓಎನ್ ಯಾಕೆ, ಮೈಸೂರಿಗೆ ಡಿವಿ ಯಾಕೆ? ಒಂದು ಹೊಂದಿಕೆ ಕಂಡ ಮಾತ್ರಕ್ಕೆ ಅದು ನಿಯಮ ಆಗಲ್ಲ.

ಹಾಗೆಯೇ ಹೆಸರು ನೋಡಿ ಜನರನ್ನೂ ಊಹೆ ಮಾಡ್ಬೇಡಿ. ಹಣ ಮೈಸೂರಿನದು, ಆದ್ರೆ ಡಿವಿ ವಿಮಾನ ಹಾರಿಸಿದವರು ಹೆಚ್ಚಾಗಿ ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳ ಹುಡುಗರು. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಹರಿಕೇನ್ ಹಾರಿಸ್ತಿದ್ದ ಮಹಿಂದರ್ ಸಿಂಗ್ ಪುಜ್ಜಿ ಇದ್ದದ್ದು 43ನೇ ಸ್ಕ್ವಾಡ್ರನ್‌ನಲ್ಲಿ. ಅದರ ಅಕ್ಷರ ಎಫ್‌ಟಿ, ಅದಕ್ಕೆ ಭಾರತದ ಹೆಸರಿರಲಿಲ್ಲ. ಕೊಟ್ಟವರ ಹೆಸರು ಒಂದು ಕಡೆ, ಹಾರಿದವರು ಇನ್ನೊಂದು ಕಡೆ. ಸಂಸ್ಥಾನದ ಬೊಕ್ಕಸದ ಹಣ ಅಂದ್ರೆ ಕಂದಾಯ ಕಟ್ಟಿದ ರೈತನದ್ದೂ ಹೌದು. ಅವನ ಪಾಲು ಇಂಗ್ಲಿಷ್ ಕಾಲುವೆಯ ಮೇಲೆ ಡಿವಿ ಅಂತ ಹಾರಿದ್ದು ಅವನಿಗೆ ಗೊತ್ತಾಗೋ ದಾರಿಯೇ ಇರಲಿಲ್ಲ.

ಗುಟ್ಟು ಎಷ್ಟು ದಿನ ಉಳೀತು?

ನಿಜ ಹೇಳ್ಬೇಕಂದ್ರೆ, ಪೂರ್ತಿ ಉಳೀಲಿಲ್ಲ. ವಿಮಾನ ಬೀಳುತ್ತೆ, ಪೈಲಟ್ ಸೆರೆ ಸಿಗ್ತಾನೆ. ಫ್ರಾಂಕ್‌ಫರ್ಟ್ ಹತ್ತಿರದ ದುಲಾಗ್ ಲುಫ್ಟ್‌ನಲ್ಲಿ ವಿಚಾರಣೆ ನಡೆಸ್ತಿದ್ದ ಜರ್ಮನ್ನರು ಇಂಥ ಚೂರುಗಳನ್ನ ಸೇರಿಸಿ ಫೈಲ್ ಕಟ್ಟಿದ್ರು. ಕ್ಯುವಿ, ಎಜೆ ಥರದ ಅಕ್ಷರಗಳು ವರ್ಷಗಟ್ಟಲೆ ಬದಲಾಗದೆ ಉಳಿದಿದ್ದೂ ಅವರಿಗೆ ಅನುಕೂಲ ಆಯ್ತು. ಬ್ರಿಟಿಷರೇ ಒಂದು ವಿನಾಯಿತಿಯನ್ನೂ ಕೊಟ್ಟಿದ್ರು: ವಿಂಗ್ ನಾಯಕರು ತಮ್ಮ ಹೆಸರಿನ ಮೊದಲಕ್ಷರಗಳನ್ನೇ ಬರೆಸಬಹುದಿತ್ತು. ಡಗ್ಲಸ್ ಬೇಡರ್ ಅವರದು ಡಿ-ಬಿ, ಜಾನಿ ಜಾನ್ಸನ್ ಅವರದು ಜೆಇ-ಜೆ. ಗುಂಪಿನವರಿಗೆ ನಾಯಕ ಬೇಗ ಕಾಣ್ತಾನೆ, ಎದುರಾಳಿಗೂ ಕಾಣ್ತಾನೆ.

ಅಂದ್ರೆ ಈ ಅಕ್ಷರಗಳು ಬೀಗ ಅಲ್ಲ, ಪರದೆ. ಶತ್ರುವಿನ ಕೆಲಸವನ್ನ ನಿಧಾನ ಮಾಡ್ತವೆ. ಯುದ್ಧದಲ್ಲಿ ಕೆಲವು ವಾರ ನಿಧಾನ ಆದ್ರೂ ಅದಕ್ಕೆ ಬೆಲೆ ಇದೆ. ಸಾಫ್ಟ್‌ವೇರ್‌ನಲ್ಲೂ ಒಪೇಕ್ ಐಡಿ ಕೊಟ್ಟೆ, ಸುರಕ್ಷತೆ ಮುಗೀತು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಯಾರಿಗೆ ಬಾಗಿಲು ತೆಗೀಬೇಕು ಅನ್ನೋ ಪರೀಕ್ಷೆ ಬೇರೆಯೇ ಇರ್ಬೇಕು.

ಪುಣೆಯ ವಿಮಾನ ನಿಲ್ದಾಣದಲ್ಲಿ ಸುಖೋಯ್-30 ಕಂಡವರಿಗೆ ಒಂದು ಮಾತು. ಲೋಹಗಾಂವ್‌ನ ಆ ರನ್‌ವೇ ಶುರುವಾಗಿದ್ದೇ 1939ರಲ್ಲಿ, ರಾಯಲ್ ಏರ್ ಫೋರ್ಸ್ ನೆಲೆಯಾಗಿ. ಇವತ್ತಿನ ಸುಖೋಯ್ ಮೇಲೆ ‘ಎಸ್‌ಬಿ’ ಅಂತ ಅಕ್ಷರ ಇರುತ್ತೆ. ಅದು ಡಿವಿ ಥರ ಸ್ಕ್ವಾಡ್ರನ್ ಹೇಳಲ್ಲ, ವಿಮಾನದ ಬಗೆಯನ್ನ ಹೇಳುತ್ತೆ. ಮಿರಾಜ್ ಆದ್ರೆ ಕೆಎಫ್, ಜಾಗ್ವಾರ್ ಆದ್ರೆ ಜೆಎಸ್. ಎರಡು ಪದ್ಧತಿಯನ್ನ ಕಲಸ್ಕೋಬೇಡಿ.

ಹಳೇ ಫೋಟೋ ಸಿಕ್ರೆ

ಯಾರ ಮನೆಯ ಟ್ರಂಕಿನಲ್ಲಾದ್ರೂ ಆ ಕಾಲದ ವಿಮಾನದ ಫೋಟೋ ಸಿಕ್ರೆ ಹೀಗೆ ಓದಿ. ಮೊದಲು ವೃತ್ತ ನೋಡಿ: ನಡುವೆ ಕೆಂಪು ಇಲ್ಲದಿದ್ರೆ ಅದು ಭಾರತ-ಬರ್ಮಾ ಕಡೆಯದು ಇರಬಹುದು. ಆಮೇಲೆ ಎರಡಕ್ಷರ ನೋಡಿ, ಸ್ಕ್ವಾಡ್ರನ್ ಹುಡುಕಿ. ಒಂದೇ ಜೋಡಿ ಬೇರೆ ಬೇರೆ ರಣರಂಗದಲ್ಲಿ ಎರಡು ದಳಕ್ಕೆ ಇದ್ದದ್ದೂ ಉಂಟು, ಹಾಗಾಗಿ ವಿಮಾನದ ಬಗೆ ಮತ್ತು ವರ್ಷವನ್ನೂ ಹೊಂದಿಸಿ. ಕಡೆಗೆ ಬಾಲದ ಹತ್ತಿರದ ಸೀರಿಯಲ್ ಓದೋಕೆ ಆಗುತ್ತಾ ನೋಡಿ. ಆದ್ರೆ ಅರ್ಧ ಗೆದ್ದ ಹಾಗೆ. ಪ್ರತಿ ಸ್ಕ್ವಾಡ್ರನ್ ದಿನಚರಿ ಬರೆದಿಡ್ತಿತ್ತು. ಯಾವ ದಿನ, ಯಾವ ವಿಮಾನ, ಯಾರು ಹಾರಿಸಿದ್ರು, ಯಾರು ವಾಪಸ್ ಬರಲಿಲ್ಲ, ಎಲ್ಲ ಅದರಲ್ಲಿದೆ. ಆ ಪುಸ್ತಕಗಳು ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ದಾಖಲೆಗಾರದಲ್ಲಿ ‘ಏರ್ 27’ ಅನ್ನೋ ಸರಣಿಯಲ್ಲಿವೆ. ಎಷ್ಟೋ ಕುಟುಂಬಗಳು ತಮ್ಮ ಅಜ್ಜನ ಕೊನೆಯ ಹಾರಾಟವನ್ನ ಪತ್ತೆ ಮಾಡಿರೋದು ಫೋಟೋದಲ್ಲಿ ಅರ್ಧ ಕಾಣೋ ಮೂರು ಅಕ್ಷರ ಹಿಡಿದೇ.

ಬರೆದಾಗ ಆ ಮೂರು ಅಕ್ಷರ ಗುರುತು ಮುಚ್ಚೋಕೆ ಇತ್ತು. ಎಂಬತ್ತು ವರ್ಷದ ಮೇಲೆ ಇವತ್ತು ಗುರುತು ಹಿಡಿಯೋಕೆ ಉಳಿದಿರೋದೂ ಅವೇ. ನಿಮ್ಮ ಹತ್ರ ಅಂಥ ಫೋಟೋ ಇದ್ರೆ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದದ್ದನ್ನೂ ಸೇರಿಸಿ ಎರಡೂ ಕಡೆ ಸ್ಕ್ಯಾನ್ ಮಾಡಿಟ್ಕೊಳ್ಳಿ. ಲ್ಯಾಮಿನೇಟ್ ಮಾತ್ರ ಮಾಡಿಸ್ಬೇಡಿ.